ಗಿಡುಗ ಕಿತ್ತ ಹೆಜ್ಜೇನು ಹುಟ್ಟು

ಗೆಳೆಯರೇ, ಇವತ್ತು ಕೊಡಗಿನ ಅಮ್ಮತ್ತಿ ಹತ್ತಿರ ನಾವು ಕೂಲಿ ಮಾಡುವ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೀಳುತ್ತಿದ್ದಾಗ ಗಿಡುಗವೊಂದು ಮರದ ಮೇಲಿನ ಹೆಜ್ಜೇನು ಹುಟ್ಟನ್ನು ಕಿತ್ತುಕೊಂಡು ಹಾರಿತು. ಅದರ ದಟ್ಟ ಗರಿಗೆ ಜೇನಿನ ಮುಳ್ಳು ನಾಟಲಿಲ್ಲ. ನೊಣಗಳೆಲ್ಲ ಕೆಳಗಿದ್ದ ನಮ್ಮ ಮೇಲೆ ಎರಗಿದವು. ಕಾಲು ಸರಿಯಿಲ್ಲದ ನನ್ನ ಅಕ್ಕ ಗೌರಮ್ಮ ಓಡಲಾರದೆ ಗಿಡದ ಬುಡದಲ್ಲೇ ಕುಳಿತಳು. ನಾನು ಕಂಬಳಿ ಹೊದೆಸಿ ಎಳೆತರುವಷ್ಟರಲ್ಲಿ ಮುಖವೆಲ್ಲ ಊದಿಕೊಂಡಿತ್ತು.

"ನಾನೇನ್ ಮಾಡ್ದೆ ಅವಕ್ಕೆ?" ಎಂದಳು. ಆಮೇಲೆ ಮಾತಾಡಿಲ್ಲ.

ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ತಂದೆವು. ಡಾಕ್ಟರು ಭರವಸೆ ಕೊಡಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅಲ್ಲಿಗೇ ಬಂದು, "ಜೇನು ಕೆಣಕಿದ್ದು ಯಾರು? ಎಸ್ಟೇಟ್ ದೊರೆ ಕೇಳ್ತಾರೆ" ಎಂದರು.

"ಗಿಡುಗ, ಸ್ವಾಮಿ."

"ಹಂಗಂತ ದೊರೆಗೆ ಹೇಳಕ್ಕಾಗುತ್ತಾ? ಯಾರದಾದ್ರೂ ಹೆಸ್ರು ಹೇಳು."

ನನ್ನ ಹೆಸರನ್ನೇ ಹೇಳಿದೆ. ಜೇನಿಗಾಗಲಿ ದೊರೆಗಾಗಲಿ, ಹತ್ತಿರ ಸಿಕ್ಕವರೇ ಸಾಕು.