ಅರಳಿಕಟ್ಟೆಯ ಮುಂದೆ ಹೆಲ್ಮೆಟ್

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶ್ರೀನಿವಾಸಪುರದ ಕಡೆಯ ನಮ್ಮ ಗುಡ್ಡದ ಊರಿನಿಂದ ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಕೆಳಗಿನ ಡಾಂಬರು ರಸ್ತೆಗೆ ಇಳಿಸುತ್ತಿದ್ದೆ. ನಮ್ಮೂರಿಗೆ ರಸ್ತೆ ಇರಲಿಲ್ಲ. ಇದ್ದದ್ದು ಮಾವಿನ ತೋಪಿನ ನಡುವೆ ಎತ್ತು, ಎಮ್ಮೆ ತುಳಿದು ಮಾಡಿದ ಜಾಡು. ಊರ ಕೊನೆಯ ಅರಳಿಕಟ್ಟೆ ದಾಟಿದ ತಕ್ಷಣ ಅದು ಬಂಡೆಗಳ ಮೇಲೆ ಕಡಿದಾಗಿ ಇಳಿಯುತ್ತಿತ್ತು. ಕೆಳಗೆ ಹಾಲಿನ ವ್ಯಾನು ಯಾರಿಗೂ ಕಾಯುತ್ತಿರಲಿಲ್ಲ. ಏಳುವ ಮೊದಲೇ ನನ್ನ ಕಾಲು ಹಾಸಿಗೆಯಲ್ಲಿ ಪೆಡಲ್ ತುಳಿಯುತ್ತಿರುತ್ತದೆ ಎಂದು ಹೆಂಡತಿ ನಗುತ್ತಿದ್ದಳು. ಸ್ಕೂಲು ಅರ್ಧಕ್ಕೇ ಬಿಟ್ಟವನು ನಾನು. ಆದರೆ ನನ್ನ ಕೈಯಲ್ಲಿ ಹಾಲು ಒಡೆಯಿತು ಎಂದು ಒಬ್ಬ ಹೆಂಗಸೂ ಬಾಯಿ ಬಿಡುವ ಹಾಗಿರಲಿಲ್ಲ.

ಆ ಕೆಲಸ ನನಗಿಂತ ಮೊದಲು ಹೆಂಡತಿಯ ಅಣ್ಣನದಾಗಿತ್ತು. ಅವನು ಅದೇ ಇಳಿಜಾರಿನಲ್ಲಿ ಬಿದ್ದ. ಕೈಕಾಲಿಗೆ ಏನೂ ಆಗಲಿಲ್ಲ, ತಲೆ ಬಂಡೆಗೆ ತಾಗಿತು. ಆಮೇಲೆ ಅವನು ನಮ್ಮ ಮನೆಯ ದನದ ಕೊಟ್ಟಿಗೆಯ ಬಾಗಿಲಲ್ಲಿ ಕೂತು, ಹಾದುಹೋಗುವವರನ್ನೆಲ್ಲ "ವ್ಯಾನ್ ಬಂತಾ?" ಎಂದು ಕೇಳುವವನಾದ. ಮಧ್ಯಾಹ್ನವೂ ಅದೇ ಪ್ರಶ್ನೆ, ಸಂಜೆಯೂ ಅದೇ. ಅವನಪ್ಪ, ಎಂದರೆ ನನ್ನ ಸೋದರಮಾವ, ಮಗಳನ್ನು ಕೊಟ್ಟ ಮೇಲೆ ಎರಡು ಕಡೆಯಿಂದಲೂ ಮಾವ, ಆ ಬಿದ್ದ ವಿಷಯವನ್ನು ಯಾರೆದುರಿಗೂ ಎತ್ತುತ್ತಿರಲಿಲ್ಲ.

ನಾನು ಕ್ಯಾನು ಹಿಡಿದ ಮೇಲೆ ಹೆಂಡತಿಯ ನಿದ್ದೆ ಕೆಟ್ಟಿತು. ನನ್ನ ಅಕ್ಕನ ಗಂಡ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಅವರನ್ನು ಕಾಡಿ ಬೇಡಿ ಒಂದು ಹಳೆಯ ಗಣಿ ಹೆಲ್ಮೆಟ್ ತರಿಸಿದಳು. ಮುಂದೆ ದೀಪ ಸಿಕ್ಕಿಸುವ ಕೊಂಡಿ ಇತ್ತು, ಗದ್ದಕ್ಕೆ ಪಟ್ಟಿ ಇರಲಿಲ್ಲ. ಹಳೆಯ ಚಡ್ಡಿಯ ಲಾಡಿ ಹೊಲಿದು ತಾನೇ ಪಟ್ಟಿ ಮಾಡಿದಳು.

"ಇದಿಲ್ದೆ ಸೈಕಲ್ ಮುಟ್ಬೇಡ ಬಾವ. ಮನೇಲಿ ಒಬ್ಬ ಕೂತಿರೋದು ಸಾಕು."

ಮೊದಲ ದಿನ ಹಾಲು ಹಾಕಲು ಬಂದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಒಬ್ಬ ಅಜ್ಜಿ ಹತ್ತಿರ ಬಂದು ಬೆರಳಿನಿಂದ ಟಕಟಕ ಬಡಿದು ನೋಡಿದಳು. "ಏಮಪ್ಪಾ, ಬೋಸಿ ಬೋರಲು ಹಾಕ್ಕೊಂಡಿದ್ದೀಯಲ್ಲ, ಹಾಲು ಇದರಲ್ಲೇ ಅಳೀತೀಯಾ?"

"ಲೇ, ನಮ್ಮಣ್ಣ ಚಿನ್ನ ಅಗೆಯೋಕೆ ಹೊರಟವ್ನೆ ಕಣ್ರೋ," ಎಂದು ಹುಡುಗರು ಕೂಗಿದರು.

ನಗುವವರಿಗೆ ನಾನು ಹೆದರುವವನಲ್ಲ. ಹೆದರುತ್ತಿದ್ದದ್ದು ಕಟ್ಟೆಗೆ. ಅಲ್ಲಿ ಬೆಳಿಗ್ಗೆ ಮಾವ ಮತ್ತು ಊರಿನ ಹಿರಿಯರು ಬೀಡಿ ಸೇದುತ್ತ ಕೂತಿರುತ್ತಿದ್ದರು. ಅವರ ಮುಂದೆ ಹಾದುಹೋಗುವಾಗ ತಲೆಯ ಮೇಲಿನ ಟವೆಲ್ ಹೆಗಲಿಗೆ ಇಳಿಯಬೇಕು, ಸೈಕಲ್ಲಿನವನು ಕೆಳಗಿಳಿದು ತಳ್ಳಿಕೊಂಡು ಹೋಗಬೇಕು. ತುಂಬಿದ ಕ್ಯಾನು ಕಟ್ಟಿದವನು ಇಳಿದರೆ ಮತ್ತೆ ಹತ್ತುವುದು ಕಷ್ಟ ಎಂದು ನನಗೆ ಇಳಿಯುವುದೊಂದು ಮಾಫಿ ಆಗಿತ್ತು. ತಲೆಗೆ ಮಾಫಿ ಇರಲಿಲ್ಲ.

ಹೆಲ್ಮೆಟ್ ಹಾಕಿಕೊಂಡೇ ಎದುರಿಗೆ ಬಂದಾಗ ಮಾವ ಬೀಡಿ ಬಾಯಿಂದ ತೆಗೆದರು. "ಏನ್ಲಾ, ದೊಡ್ಡೋರು ಕೂತಿರೋದು ಕಾಣಲ್ವಾ? ಅದರೊಳಗೆ ಕಣ್ಣೂ ಮುಚ್ಚಿಹೋಯ್ತಾ?"

ಮರುದಿನದಿಂದ ಕಟ್ಟೆ ಕಾಣುತ್ತಲೇ ಲಾಡಿ ಎಳೆದು, ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ, ತಲೆ ಬಗ್ಗಿಸಿ ಹೋಗತೊಡಗಿದೆ. ಕಟ್ಟೆ ದಾಟಿದರೆ ಇಳಿಜಾರು. ಎರಡು ಕೈಯೂ ಬ್ರೇಕಿನ ಮೇಲಿರಬೇಕು, ಮತ್ತೆ ಹಾಕಿಕೊಳ್ಳುವುದೆಲ್ಲಿ? ಹೀಗೆ ತೋಪಿನ ಮೆತ್ತನೆಯ ಮಣ್ಣಿನಲ್ಲಿ ಹೆಲ್ಮೆಟ್ ತಲೆಯ ಮೇಲಿರುತ್ತಿತ್ತು, ಬಂಡೆಯ ಮೇಲೆ ಬರಿದಲೆ. ನನಗೆ ಇದು ಗೊತ್ತಿತ್ತು. ಕ್ಯಾನುಗಳು ಗಡಗಡ ಎನ್ನುವಾಗ ನೆತ್ತಿಯ ಮೇಲೆ ಯಾರೋ ತಣ್ಣನೆಯ ಕೈ ಇಟ್ಟ ಹಾಗೆ ಆಗುತ್ತಿತ್ತು. ಮನೆಯಲ್ಲಿ ಹೇಳಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಲಾಡಿ ಬಿಗಿದು ಕಳಿಸುತ್ತಿದ್ದಳು, ಅವಳ ಮಟ್ಟಿಗೆ ನನ್ನ ತಲೆ ಭದ್ರವಾಗಿತ್ತು.

ಜಡಿಮಳೆ ಹಿಡಿದ ಒಂದು ಬೆಳಿಗ್ಗೆ, ಇಳಿಜಾರಿನ ನಡುವೆ ಮುಂದಿನ ಚಕ್ರ ಕಲ್ಲಿಗೆ ತಾಗಿ ಹಾರಿತು. ಹ್ಯಾಂಡಲ್ಲಿನ ಹೆಲ್ಮೆಟ್ ತೂಗಾಡಿ ಬ್ರೇಕಿಗೂ ನನ್ನ ಬೆರಳಿಗೂ ನಡುವೆ ಸಿಕ್ಕಿಕೊಂಡಿತು. ಬ್ರೇಕ್ ಹಿಡಿಯಲಿಲ್ಲ. ಹಾಲು ಬಂಡೆಯ ಮೇಲೆ ಬೆಳ್ಳಗೆ ಹರಿಯುವುದನ್ನು ಬಿದ್ದಲ್ಲಿಂದಲೇ ನೋಡಿದೆ. ಕಿವಿ ಹರಿದಿತ್ತು. ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ಚೂಪು ಕಲ್ಲು.

ಮನೆಯಲ್ಲಿ ಅರಿಶಿನ ಒತ್ತುತ್ತ ಹೆಂಡತಿ ಕೇಳಿದಳು. "ಹೆಲ್ಮೆಟ್‌ಗೆ ಒಂದು ಗೀರೂ ಇಲ್ಲ, ಕಿವಿ ಮಾತ್ರ ಹೆಂಗೆ ಹರೀತು?"

ಹೇಳಲೇಬೇಕಾಯಿತು. ಅವಳ ಕೈ ನಿಂತಿತು. ಕೊಟ್ಟಿಗೆಯ ಕಡೆಯಿಂದ "ವ್ಯಾನ್ ಬಂತಾ?" ಎಂಬ ಕೂಗು ಕೇಳಿತು.

"ನಮ್ಮಪ್ಪಂಗೆ ಮರ್ಯಾದೆ ಕೊಡ್ಬೇಕು ಅಂದ್ರೆ ನೆಲದ ಮೇಲೆ ನಿಂತ್ಕೊಂಡು ಕೊಡು ಬಾವ. ಕಾಲಿಗೆ ಬೇಕಾದ್ರೂ ಬೀಳು. ಸೈಕಲ್ ಮೇಲಿಂದ ಬೇಡ. ನಿನ್ನನ್ನೂ ಆ ಬಾಗಿಲಲ್ಲಿ ಕೂರಿಸಿ ತುತ್ತು ಹಾಕೋ ಶಕ್ತಿ ನಂಗಿಲ್ಲ."

ಕಿವಿ ಒಣಗುವ ಮೊದಲೇ ಮತ್ತೆ ಕ್ಯಾನು ಕಟ್ಟಿದೆ. ತೋಪಿನೊಳಗೆ ಬರುವಾಗ ಕೈ ತಾನಾಗಿ ಲಾಡಿಯ ಕಡೆ ಹೋಗುತ್ತಿತ್ತು, ಆ ಕೈಯನ್ನು ಎಳೆದು ಮತ್ತೆ ಹ್ಯಾಂಡಲ್ ಹಿಡಿಸುತ್ತಿದ್ದೆ. ಕಟ್ಟೆ ಕಂಡಿತು. ನಾನು ಹೆಲ್ಮೆಟ್ ತೆಗೆಯಲಿಲ್ಲ. ಮಾವ ನನ್ನನ್ನು ನೋಡಿದರು, ಕಿವಿಯ ಬಟ್ಟೆಯನ್ನು ನೋಡಿದರು. ಕೂತಲ್ಲೇ ತಿರುಗಿ ನನಗೆ ಬೆನ್ನು ಹಾಕಿ, ಅರಳಿಮರದ ಬೊಡ್ಡೆಗೆ ಮುಖ ಮಾಡಿದರು.

ಕೋಪವೆಂದೇ ತಿಳಿದೆ. ಮರುದಿನವೂ ಬೆನ್ನು, ಅದರ ಮರುದಿನವೂ ಬೆನ್ನು. ಆದರೂ ತೆಗೆಯಲಿಲ್ಲ. ಎಷ್ಟೋ ದಿನದ ಮೇಲೆ ಕಟ್ಟೆಯಲ್ಲಿ ಕೂರುವ ಹಿರಿಯರೊಬ್ಬರು ಸಂತೆಯಲ್ಲಿ ಸಿಕ್ಕಿ ನಡೆದದ್ದನ್ನು ಹೇಳಿದರು. "ಏನ್ ಯಜಮಾನ್ರೇ, ಅಲ್ಲುಡು ಮುಖ ನೋಡೋಕೂ ಆಗಲ್ವಾ?" ಎಂದು ಅವರು ಅಳಿಯನ ಮಾತೆತ್ತಿ ಮಾವನನ್ನು ಕೆಣಕಿದ್ದರಂತೆ.

"ನಾನು ನೋಡಿದ್ರೆ ಅವನು ತೆಗೀಬೇಕಾಗತ್ತೆ. ನೀವೂ ಆ ಕಡೆ ತಿರುಗ್ರಯ್ಯ," ಎಂದಿದ್ದರಂತೆ ಮಾವ.

ಕ್ಯಾನುಗಳ ಸದ್ದು ಬಂಡೆಗಳನ್ನೆಲ್ಲ ಇಳಿದು ಡಾಂಬರು ರಸ್ತೆ ಮುಟ್ಟುವವರೆಗೆ ಅವರು ಬೀಡಿಯನ್ನೂ ಸೇದದೆ, ಮರದ ಕಡೆ ಮುಖ ಮಾಡಿ, ಕಿವಿಗೊಟ್ಟು ಕೂತಿರುತ್ತಿದ್ದರಂತೆ.