ಚಿಗರಿ ನೋಡಲು ಹೋದ ಮಾವನವರು

ನಮ್ಮ ಮಾವನವರ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪಗಿತ್ತು. ಮದುವೆಯಾಗಿ ಕಲಬುರ್ಗಿಯ ಈ ಮನೆಗೆ ಬಂದ ಹೊಸದರಲ್ಲಿ ಅದೇನೋ ಚರ್ಮದ ರೋಗವಿರಬೇಕೆಂದು ನೀರು ಕೊಡುವಾಗ ಅವರ ಎಡಕ್ಕೇ ನಿಲ್ಲುತ್ತಿದ್ದೆ. ರೋಗವಲ್ಲ, ಬಿಸಿಲು. ವ್ಯಾಪಾರ ಒಲ್ಲೆನೆಂದು ಹರೆಯದಲ್ಲಿ ಮುಂಬಯಿಗೆ ಓಡಿಹೋಗಿ, ಅಲ್ಲಿಂದ ಹಡಗು ಹತ್ತಿ, ಆಫ್ರಿಕಾದಲ್ಲಿ ಒಬ್ಬ ಬಿಳಿಯ ಸಾಹೇಬನ ಮೋಟರು ಓಡಿಸಿದ್ದರಂತೆ. ಬಲಕ್ಕೆ ಕೂತು ಓಡಿಸುವವನಿಗೆ ಬಲಗೆನ್ನೆಗೇ ಬಿಸಿಲು. ಅತ್ತೆ ಅವರಿಗೆ ಕೇಳಿಸುವಂತೆಯೇ "ಅರ್ಧಾ ಸುಟ್ಟ ರೊಟ್ಟಿ" ಎನ್ನುತ್ತಿದ್ದರು. ಅವರು ನಗುತ್ತಿದ್ದರು.

ಮೆತ್ತಗಿನ ಮನುಷ್ಯ. ಹಾಲಿಗೆ ಬಾಯಿ ಹಾಕಿದ ಬೆಕ್ಕಿಗೂ "ಸಾಕು ಏಳವಾ" ಅನ್ನುವವರು. ಸಂಜೆ ಕಟ್ಟೆಯ ಮೇಲೆ ಕೂತರೆ ಆಫ್ರಿಕಾ ಶುರುವಾಗುತ್ತಿತ್ತು: ಸಿಂಹ, ಪಟ್ಟೆ ಪಟ್ಟೆ ಕುದುರೆ, ಮಾಳಿಗೆಯ ಮೇಲಿನ ಕಾಳು ಕೆಳಗಿನಿಂದಲೇ ಮೇಯಬಲ್ಲ ಜಿರಾಫೆ. "ಮೋಟರನ್ಯಾಗ ಕೂತವನಿಗಿ ಸಿಂಹ ಮುಟ್ಟೂದಿಲ್ಲ. ಅದರ ಲೆಕ್ಕಕ್ಕ ಮೋಟರೂ ಒಂದು ದೊಡ್ಡ ಪ್ರಾಣಿ. ಇಳದ್ರ ಮಾತ್ರ ನೀ ಮಾಂಸ," ಎನ್ನುತ್ತಿದ್ದರು. ಊರಲ್ಲಿ ಯಾರೂ ನಂಬಲಿಲ್ಲ. ನಾನು ನಂಬಿದೆ. ಬಾವಿಯ ಕಟ್ಟೆಯಲ್ಲಿ ಹೆಂಗಸರಿಗೆ ಹೇಳುವಾಗ ಜಿರಾಫೆಯ ಕುತ್ತಿಗೆಯನ್ನು ಇನ್ನೊಂದು ಮೊಳ ಎಳೆದದ್ದೂ ಉಂಟು.

ಆಗ ನಿಜಾಮರ ರಾಜ್ಯ. ಊರಲ್ಲಿ ಮೋಟರು ಬೆರಳೆಣಿಕೆಯಷ್ಟು, ಅವೂ ಅಧಿಕಾರಿಗಳವು, ಜಾಗೀರದಾರರವು. ಒಬ್ಬ ಜಾಗೀರದಾರರ ಕೊಟ್ಟಿಗೆಯಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಹಳೆಯ ಮೋಟರೊಂದನ್ನು ಮಾವನವರು ತಂದು, ಆರು ತಿಂಗಳು ಅದರ ಕೆಳಗೇ ಮಲಗಿ, ಕಡೆಗೂ ಓಡುವಂತೆ ಮಾಡಿದರು. "ಕಮಲಾಪುರದ ಆಚಿಗಿ ಗುಡ್ಡದಾಗ ಚಿಗರಿ ಹಿಂಡ ಅವ. ಬಂದೂಕ ಬ್ಯಾಡ, ಬಡಿಗಿ ಬ್ಯಾಡ. ಸುಮ್ಮ ಕೂತು ನೋಡಿ ಬರೋಣು. ನೋಡೂದ್ರಾಗ ಏನ್ ಸುಖ ಅದ ಅಂತ ನಿಮಗೂ ತೋರಸ್ತೇನಿ," ಎಂದರು. ಮೋಟರಿಗೆ ಕುಡಿಯಲು ಎರಡು ಕೊಡ ನೀರು ಬೇಕಲ್ಲ. ಗುಡ್ಡದ ಕೆಳಗಿನ ಹಳ್ಳಿಯ ಪಟೇಲನಿಗೆ, ಇಂಥ ದಿನ ಪ್ರಾಣಿ ನೋಡಲು ಮೋಟರಿನಲ್ಲಿ ಬರುತ್ತೇವೆ, ನೀರು ಇಟ್ಟಿರಿ ಎಂದು ಕಚೇರಿಯ ಉರ್ದುವಿನಲ್ಲಿ ಚೀಟಿ ಬರೆಸಿ, ಸಂತೆಗೆ ಹೋಗುವವನ ಕೈಲಿ ಕಳಿಸಿದರು.

ನಮ್ಮ ಯಜಮಾನರು ಅಂಗಡಿ ಬಿಟ್ಟು ಬರಲಿಲ್ಲ. ಅತ್ತೆ, ನಾನು ಹಿಂದೆ, ಮಾವನವರು ಮುಂದೆ. ಕಪನೂರ ದಾಟಿದ ಮೇಲೆ ಎಳೆಬಿಸಿಲಲ್ಲಿ ಜೋಳದ ಹೊಲಗಳು ಹಿಂದಕ್ಕೆ ಓಡತೊಡಗಿದವು. ಕಮಲಾಪುರದಲ್ಲಿ ಅತ್ತೆ ಒಂದು ಬುಟ್ಟಿ ಕೆಂಪು ಬಾಳೆಹಣ್ಣು ಕೊಂಡರು. ಗುಡ್ಡದ ಬಯಲಿಗೆ ಬಂದು ಮಾವನವರು ಮೋಟರು ನಿಲ್ಲಿಸಿ, ಬಾಯಿಗೆ ಬೆರಳಿಟ್ಟರು. ಸ್ವಲ್ಪ ಹೊತ್ತಿಗೆ ಚಿಗರಿಗಳು ಬಂದವು. ಮೊದಲು ಒಂದು, ಆಮೇಲೆ ಹತ್ತಿಪ್ಪತ್ತು. ಒಂದು ಮರಿ ಇಪ್ಪತ್ತು ಮಾರು ದೂರದಲ್ಲಿ ತಾಯಿಯ ಹೊಟ್ಟೆಗೆ ಗುದ್ದಿ ಗುದ್ದಿ ಹಾಲು ಕುಡಿಯಿತು. ಅತ್ತೆ ಸುಲಿದ ಹಣ್ಣನ್ನು ಕೈಯಲ್ಲೇ ಹಿಡಿದು ಮರೆತಿದ್ದರು. ನನಗೆ ಅಳು ಬರುವಷ್ಟು ಸಂತೋಷವಾಗಿತ್ತು.

ಆಗ ಗುಡ್ಡದ ಮೇಲಿಂದ ಹಲಗೆ ಬಡಿಯುವ ಸದ್ದು ಎದ್ದಿತು. ಜೊತೆಗೆ ಕೂಗು. ಚಿಗರಿಗಳು ಹುಚ್ಚೆದ್ದು ಮೋಟರಿನ ಮುಂದೆ ಹಿಂದೆ ನೆಗೆದು ಓಡಿದವು. ಆ ಮರಿ ಯಾವ ಕಡೆ ಹೋಯಿತೋ ಕಾಣಲಿಲ್ಲ. ಪೊದೆಗಳ ನಡುವಿನಿಂದ ಮೂವತ್ತು ನಾಲ್ವತ್ತು ಜನ ಸಾಲಾಗಿ ಇಳಿದು ಬಂದರು. ಮುಳ್ಳು ತರಚಿದ ಕಾಲು, ಒಣಗಿದ ಬಾಯಿ. ಎಲ್ಲರ ಮುಂದೆ ಒಬ್ಬ ಹೆಂಗಸು, ಬೆನ್ನಿಗೆ ಕೂಸು ಕಟ್ಟಿಕೊಂಡು ಹಿತ್ತಾಳೆ ತಟ್ಟೆ ಬಡಿಯುತ್ತಿದ್ದಳು. ಬಂದವಳೇ ಮೋಟರಿನ ಗಾಲಿಗೆ ಹಣೆ ಹಚ್ಚಿದಳು.

"ದೊಡ್ಡ ಪ್ರಾಣಿ ಒಂದೂ ಹೊರಗ ಬರಲಿಲ್ರಿ ಸಾಹೇಬ್ರ. ನಸುಕಿನ್ಯಾಗಿಂದ ಗುಡ್ಡದ ಆಚಿಗಿ ಬಡ್ಯಾಕತ್ತೀವ್ರಿ. ನಮ್ಮ ಮನಿಯವನಿಗಿ ಬಿಡಸ್ರಿ. ಜ್ವರ ಬಂದು ಏಳಾಕ ಆಗಿಲ್ರಿ ಅವನಿಗಿ. ಬಿಟ್ಟಿ ಕೆಲಸಕ್ಕ ಬರಲಿಲ್ಲಂತ ಚಾವಡ್ಯಾಗ ಕಟ್ಟಿ ಹಾಕ್ಯಾರ."

ಮಾವನವರು ಮೋಟರಿನಿಂದ ಇಳಿದರು. "ನಿಮಗ ಯಾರವ್ವಾ ಕರಸಿದ್ದು?"

"ನೀವೇ ಅಲ್ರೀ, ಚೀಟಿ ಕಳಿಸಿದ್ದು?"

ಮೋಟರು ಬಂತೆಂದರೆ ಬೇಟೆಯ ಸಾಹೇಬರು ಬಂದರೆಂದೇ ಆ ಸೀಮೆಯಲ್ಲಿ ಲೆಕ್ಕ. ಊರ ಹೊರಗಿನ ಕೇರಿಯವರೆಲ್ಲ ಕೂಲಿಯಿಲ್ಲದೆ ಹಲಗೆ ಬಡಿದು ಪ್ರಾಣಿಗಳನ್ನು ಬಂದೂಕಿನ ಮುಂದಕ್ಕೆ ಅಟ್ಟಬೇಕು. ಸುಮ್ಮನೆ ನೋಡಲು ಮೋಟರು ತರುವ ಮನುಷ್ಯ ಭೂಮಿಯ ಮೇಲೆ ಇದ್ದಾನೆಂದು ಪಟೇಲನಿಗೆ ಹೇಗೆ ಹೊಳೆಯಬೇಕು?

ಹಳ್ಳಿಗೆ ಹೋಗಿ ನೋಡಿದರೆ, ಚಾವಡಿಯ ಕಂಬಕ್ಕೆ ಅವಳ ಗಂಡನನ್ನು ಕಟ್ಟಿದ್ದರು. ತಲೆ ಎದೆಗೆ ಜೋತುಬಿದ್ದಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ಮಾವನವರು ಮೊದಲು ಕೈ ಮುಗಿದರು. "ಪಟೇಲ್ರ, ತಪ್ಪು ನಂದು. ನಾ ಸರ್ಕಾರಿ ಮನಷ್ಯಾ ಅಲ್ರಿ. ಇವನಿಗಿ ಬಿಡ್ರಿ."

ಪಟೇಲ ಅವರನ್ನು ಮೇಲಿಂದ ಕೆಳಗೆ ನೋಡಿದ. "ಸರ್ಕಾರಿ ಅಲ್ಲಂದ್ರ, ಬಿಡು ಅನ್ನಾಕ ನೀ ಯಾರು?"

ಆಮೇಲೆ ಬಂದ ದನಿ ನಮ್ಮ ಮಾವನವರದೆಂದು ನಂಬಲು ನನಗೆ ಗಳಿಗೆ ಹಿಡಿಯಿತು. "ಖೋಲೋ! ಅಭೀ ಖೋಲೋ!" ಚಾವಡಿಯ ಪಾರಿವಾಳಗಳು ಹಾರಿಹೋದವು. ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು. ಇಂಥ ದನಿ ಇದ್ದವನು ಅಧಿಕಾರಿಯಲ್ಲದೆ ಮತ್ತೇನು ಎಂದುಕೊಂಡನೋ ಏನೋ, ಪಟೇಲ ತಾನೇ ಹಗ್ಗ ಬಿಚ್ಚಿದ.

ಗಂಡ, ಹೆಂಡತಿ, ಕೂಸು ಮೂವರನ್ನೂ ಕಲಬುರ್ಗಿಯ ದವಾಖಾನೆಗೆಂದು ಮೋಟರಿಗೆ ಹತ್ತಿಸಿಕೊಂಡೆವು. ಅವಳು ಕಾಲ ಬಳಿ ಮುದುಡಿ ಕೂತಳು. ಕೇರಿಯವರ ನೆರಳಿಗೂ ಸರಿದು ನಿಲ್ಲುತ್ತಿದ್ದ ಅತ್ತೆ, ಬಾಳೆಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, "ಮ್ಯಾಲ ಕೂಡವ್ವಾ, ಕೂಸಿಗಿ ಧೂಳ ಬಡೀತದ," ಎಂದರು. ಮನೆಗೆ ಬಂದು ತಲೆಯ ಮೇಲೆ ನೀರು ಸುರುವಿಕೊಂಡೇ ಒಳಗೆ ಹೋದರು. ನಾನೂ ಹಾಗೇ ಮಾಡಿದೆ, ಸುಳ್ಳೇಕೆ ಹೇಳಲಿ. ಇಂದು ನೆನೆದರೆ ನಾಚಿಕೆಯಾಗುತ್ತದೆ.

ದವಾಖಾನೆಯಲ್ಲಿ ಆ ಮನುಷ್ಯ ಬದುಕಿಕೊಂಡ. ಅವನನ್ನು ಅಲ್ಲಿ ಬಿಟ್ಟು ಬಂದ ಸಂಜೆ ಮಾವನವರು ಕಟ್ಟೆಗೆ ಬರಲಿಲ್ಲ, ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಜ್ಜಿಗೆ ಇಟ್ಟು ಕೇಳಿಯೇಬಿಟ್ಟೆ.

"ಮಾವಾ, ಆ ದನಿ ನಿಮಗ ಎಲ್ಲಿಂದ ಬಂತ್ರಿ?"

ಮಾವನವರು ಹೇಳಿದರು. "ಆಫ್ರಿಕಾದಿಂದೇ ತಂದೀನಿ. ಅಲ್ಲಿ ಮೋಟರಿನ ಬಾಜೂಕ ಒಬ್ಬ ಓಡ್ತಿದ್ದ, ದಾರಿ ತೋರಸವ. ಒಂದಿನ ಹುಲ್ಲಿನ್ಯಾಗ ಗಾಲಿ ಹೂತು ಹೋತು. ಸಾಹೇಬ ನನಗ ಒದರಿದ, ನಾ ಅವನಿಗಿ ಒದರಿದೆ, ಕಲ್ಲು ತಂದು ಹಾಕು ಅಂತ. ಅವ ಒಲ್ಲೆ ಅಂದ. ಅವನಿಗಿ ವಾಸನಿ ಬಂದಿತ್ತು. ಅದೇ ದನಿ ತಗದು ಕಳಿಸಿದೆ." ಮಜ್ಜಿಗೆಯ ಲೋಟ ದೂರ ಸರಿಸಿದರು. "ಸಿಂಹ ಅಲ್ಲೇ ಮಲಗಿತ್ತವಾ. ನಾ ಮೋಟರನ್ಯಾಗೇ ಕೂತು ನೋಡಿದೆ."

"ಅವನ ಹೆಸರು?"

"ಮೂರು ವರ್ಷ ಸಂಗಟ ಓಡ್ಯಾನ. ಕೇಳಲಿಲ್ಲ ನಾ."

ಇಷ್ಟು ವರ್ಷ ನಾನು ಬಾವಿಯ ಕಟ್ಟೆಯಲ್ಲಿ ಹೇಳಿದ ಆಫ್ರಿಕಾದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ, ಮತ್ತು ಆ ಕೊರತೆ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಆಮೇಲೆ ಯಾರು ಏನು ಕಥೆ ಹೇಳಿದರೂ, ಅಲ್ಲಿ ಇನ್ನೂ ಯಾರಿದ್ದರು ಎಂದು ಕೇಳುವ ಚಟ ನನಗೆ ಅಂಟಿಕೊಂಡಿತು. ಮಾವನವರಿಂದ ಬಂದ ಆಸ್ತಿ ಇದು. ಅವರನ್ನು ಮೊದಲಿನಂತೆ ಪ್ರೀತಿಸಲು ಬಹಳ ದಿನ ಆಗಲಿಲ್ಲ, ಬಿಡಲೂ ಆಗಲಿಲ್ಲ.

ನಾಲ್ಕು ವರ್ಷದ ಮೇಲೆ ಮಾವನವರು ವಿಷಮಜ್ವರದಲ್ಲಿ ಹೋದರು. ಕೊನೆಯ ಎರಡು ದಿನ ನಮಗಾರಿಗೂ ತಿಳಿಯದ ಭಾಷೆಯಲ್ಲಿ, ಅದೇ ದನಿಯಲ್ಲಿ ಒದರುತ್ತಿದ್ದರು. ಯಾರನ್ನೋ ಬೈಯುತ್ತಿದ್ದಾರೆಂದು ನಮ್ಮ ಯಜಮಾನರು ಹೆದರಿದರು. ನಾನು ಪಕ್ಕದಲ್ಲೇ ಇದ್ದೆ. ಒದರಿದಾಗೊಮ್ಮೆ ಅವರು ಹಾಸಿಗೆಯಲ್ಲಿ ಗೋಡೆಯ ಕಡೆಗೆ ಸರಿಯುತ್ತಿದ್ದರು, ಮೋಟರಿನಲ್ಲಿ ಪಕ್ಕಕ್ಕೆ ಇನ್ನೊಬ್ಬ ಕೂಡುವಷ್ಟು ಜಾಗ ಬಿಡುವ ಹಾಗೆ. ಉಸಿರು ನಿಲ್ಲುವವರೆಗೂ ಆ ಜಾಗದಲ್ಲಿ ಯಾರೂ ಕೂಡದಂತೆ ನೋಡಿಕೊಂಡೆ.