ಹಾರು ಎಂದ ನರ್ಸಮ್ಮ

ನಿವೃತ್ತಿಯಾದ ಮೂರನೇ ತಿಂಗಳಿಗೆ ನರ್ಸಮ್ಮ ಸ್ವಯಂಸೇವಕಿಯಾಗಿ ಪರದೇಶಕ್ಕೆ ಹೊರಟು ನಿಂತಾಗ ಅವರ ತಂಗಿ ಕೇಳಿದ್ದು ಒಂದೇ ಮಾತು. “ಅಲ್ಲಕ್ಕಾ, ಬಾಯಿಗೆ ಬೀಗ ಹಾಕ್ಕೊಂಡು ಎರಡು ವರ್ಷ ಹೇಗಿರ್ತೀಯ?”

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮೂವತ್ತೊಂದು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸಮ್ಮ ಸೂಜಿಗಿಂತ ಹೆಚ್ಚಾಗಿ ನಾಲಿಗೆಯನ್ನೇ ನಂಬಿದ್ದವರು. ಮಗು ಅಳಲು ಬಾಯಿ ತೆರೆಯುವ ಹೊತ್ತಿಗೆ ಇವರ ಕಥೆ ಅರ್ಧ ಮುಗಿದಿರುತ್ತಿತ್ತು.

ಪರದೇಶದಲ್ಲಿ ಮೊದಲು ತರಬೇತಿಗೆಂದು ಇಳಿಸಿದ ಊರಿನಲ್ಲಿ ಮೊದಲ ಬೆಳಿಗ್ಗೆ ಕಣ್ಣು ಬಿಟ್ಟಾಗ ಎಲ್ಲಿದ್ದೇನೆಂದು ತಿಳಿಯಲಿಲ್ಲ. ಕಿಟಕಿ ಇರಬೇಕಾದ ಕಡೆ ಗೋಡೆಯಿತ್ತು. ಗೋಡೆಯಾಚೆ ಯಾರೋ ಮಾತನಾಡುತ್ತಿದ್ದರು. ಒಂದು ಪದವೂ ಅರ್ಥವಾಗದ ಆ ಮಾತು ಕೊಡಕ್ಕೆ ನೀರು ತುಂಬುವ ಸದ್ದಿನಂತೆ ಮೆಲ್ಲನೆ ಏರುತ್ತಿತ್ತು. ಕೇಳುತ್ತ ಮತ್ತೆ ಜೊಂಪು ಹತ್ತಿತು.

ಉಳಿದುಕೊಂಡ ಮನೆಯ ಯಜಮಾನಿಗೆ ಎಪ್ಪತ್ತು ದಾಟಿತ್ತು. ನರ್ಸಮ್ಮ ಅವರನ್ನು ಮನಸ್ಸಿನಲ್ಲೇ ದೊಡ್ಡಮ್ಮ ಎಂದು ಕರೆದುಕೊಂಡರು. ದೊಡ್ಡಮ್ಮ ಲೋಟ ಮುಟ್ಟಿ ಒಂದು ಹೆಸರು, ಬಾಗಿಲು ಮುಟ್ಟಿ ಒಂದು ಹೆಸರು ಹೇಳಿಕೊಡುವರು. ಸಂಜೆಯೊಳಗೆ ನರ್ಸಮ್ಮನ ಬಾಯಲ್ಲಿ ಬಾಗಿಲು ಹೋಗಿ ಲೋಟವಾಗಿರುತ್ತಿತ್ತು.

ಬೆಳಿಗ್ಗೆ ಭಾಷೆಯ ತರಗತಿ, ಮಧ್ಯಾಹ್ನ ಆರೋಗ್ಯ ಕೇಂದ್ರ. ಮೊದಲ ವಾರ ಬರೀ ನೋಡಬೇಕು, ಕೈ ಹಾಕುವಂತಿಲ್ಲ. ಗೋಡೆಗೊರಗಿ ನಿಂತ ನರ್ಸಮ್ಮ ಬಿಸಿಲಿನ ಪಟ್ಟಿ ನೆಲದ ಮೇಲೆ ಸರಿಯುವುದನ್ನು, ಬಿಳಿ ಪರದೆ ಉಬ್ಬಿ ತಗ್ಗುವುದನ್ನು ನೋಡುವರು. ಜನರ ತುಟಿಗಳು ಅಲುಗುತ್ತಿದ್ದವು. ತಾವು ನೀರಿನಡಿಯಲ್ಲಿ ಕೂತು ಮೇಲಿನ ಲೋಕವನ್ನು ನೋಡುತ್ತಿರುವಂತೆ ಅವರಿಗನಿಸುತ್ತಿತ್ತು.

ಐದನೇ ದಿನ ಲಸಿಕೆ ಕೋಣೆಯಲ್ಲಿ ನಾಲ್ಕು ವರ್ಷದ ಮಗುವೊಂದು ತಾಯಿಯ ಕುತ್ತಿಗೆಗೆ ಜೋತುಬಿದ್ದು ಕಿರುಚತೊಡಗಿತು. ಅಲ್ಲಿನ ಸಿಸ್ಟರ್ ಎರಡು ಸಲ ಸೋತು, ಗೋಡೆಯ ಕಡೆ ತಿರುಗಿ ಕಣ್ಣಲ್ಲೇ ಕರೆದಳು. ನರ್ಸಮ್ಮ ಮಗುವಿನ ಮುಂದೆ ಮಂಡಿಯೂರಿದರು. ‘ಉಸಿರು ಬಿಡು’ ಎನ್ನಲು ಆ ಬೆಳಿಗ್ಗೆಯಷ್ಟೇ ಕಲಿತಿದ್ದ ಪದವನ್ನು ಮೆಲ್ಲನೆ ಹೇಳಿದರು. ಮಗು ಅಳು ನಿಲ್ಲಿಸಿ ಅವರನ್ನೇ ನೋಡಿತು. ಇನ್ನೊಮ್ಮೆ ಹೇಳಿದರು. ಮಗು ತಾಯಿಯನ್ನು ಬಿಟ್ಟು ನಿಧಾನವಾಗಿ ಎರಡೂ ತೋಳು ಚಾಚಿತು. ಸಿಸ್ಟರ್ ಚಾಚಿದ ತೋಳಿಗೆ ಸೂಜಿ ಹಾಕಿ ತೆಗೆದದ್ದು ಅದಕ್ಕೆ ತಿಳಿಯಲೂ ಇಲ್ಲ.

ಭಾಷೆಯ ಮೇಷ್ಟ್ರು ಹಿಂದೆ ನಮ್ಮ ಕಡೆ ಓದಿದ್ದವರು, ನಮ್ಮ ಮಾತು ಬಲ್ಲವರು. ಮರುದಿನ ಆರೋಗ್ಯ ಕೇಂದ್ರದವರಿಂದ ಸುದ್ದಿ ಕೇಳಿಕೊಂಡು ನಗುತ್ತಲೇ ಬಂದರು.

“ನರ್ಸಮ್ಮ, ನೀವು ನಿನ್ನೆ ಹೇಳಿದ್ದು ‘ಉಸಿರು ಬಿಡು’ ಅಂತಲ್ಲ. ‘ಹಾರು’ ಅಂತ.”

ನರ್ಸಮ್ಮನ ಮುಖ ಕೆಂಪಾಯಿತು. “ತಿದ್ಕೋತೀನಿ ಮೇಷ್ಟ್ರೇ.”

“ಪರೀಕ್ಷೆಗೆ ತಿದ್ಕೊಳ್ಳಿ. ಲಸಿಕೆ ಕೋಣೇಲಿ ಅದೇ ಇರ್ಲಿ. ಇವತ್ತು ಬೆಳಿಗ್ಗೆಯಿಂದ ಆ ಸಿಸ್ಟರೂ ಅದನ್ನೇ ಹೇಳ್ತಿದ್ದಾಳಂತೆ.”

ಎಂಟನೇ ದಿನದ ಸಂಜೆ ನರ್ಸಮ್ಮ, ದೊಡ್ಡಮ್ಮ ಅಂಗಳದಲ್ಲಿ ಒಣಗಿದ ಹೊದಿಕೆ ಮಡಚುತ್ತಿದ್ದರು. ಇಬ್ಬರ ಕೈಯಲ್ಲೂ ಎರಡೆರಡು ಚುಂಗು. ದೊಡ್ಡಮ್ಮ ಏನೋ ಹೇಳತೊಡಗಿದರು. ಆ ಹರಿವಿನಲ್ಲಿ ಮೊದಲು ‘ತಂಗಿ’ ತೇಲಿ ಬಂತು. ಸ್ವಲ್ಪ ಹೊತ್ತಿಗೆ ‘ದೋಣಿ’. ಬಹಳ ಹೊತ್ತಿನ ಮೇಲೆ ‘ಬರಲಿಲ್ಲ’. ದೊಡ್ಡಮ್ಮನ ದನಿ ಅಲ್ಲಿ ತಡವರಿಸಿ ನಿಂತಿತು.

ತಮ್ಮ ಭಾಷೆಯಲ್ಲಾಗಿದ್ದರೆ ನರ್ಸಮ್ಮ ಆ ಮೌನವನ್ನು ಹತ್ತು ಸಮಾಧಾನಗಳಿಂದ ತುಂಬಿಬಿಡುತ್ತಿದ್ದರು. ಇಲ್ಲಿ ಆ ಹೊತ್ತಿಗೆ ಹೊಂದುವಂತೆ ಬರುತ್ತಿದ್ದುದು ಒಂದೇ ಪದ.

“ಆಮೇಲೆ?” ಎಂದರು.

ದೊಡ್ಡಮ್ಮ ತಲೆಯೆತ್ತಿ ನೋಡಿ, ಮುಂದುವರಿಸಿದರು. ಹೊದಿಕೆ ಅರ್ಧವಾಯಿತು, ಕಾಲಾಯಿತು, ಕೊನೆಗೆ ಅಂಗೈಗಲವಾಯಿತು. ಇಬ್ಬರೂ ಅದನ್ನು ಕೆಳಗಿಡಲಿಲ್ಲ.